ಕಿವಿಗೊಟ್ಟು ನೋಡಿದ ಕೆಲವು ಹಳೆಯ ಚಿತ್ರಗಳು

ಪ್ರಶಸ್ತಿ ಪಡೆದ ಹಳೆಯ ಚಿತ್ರಗಳನ್ನು ಜನ ನಿಜವಾಗಿಯೂ ಇಷ್ಟಪಟ್ಟು ನೋಡುತ್ತಾರೆಯೇ ಅಥವಾ ಮರ್ಯಾದೆಗೋಸ್ಕರ ಹೊಗಳುತ್ತಾರೆಯೇ ಎಂದು ಕೇಳಿದ್ದೀರಿ. ‘ಚೋಮನ ದುಡಿ’ಯನ್ನು ಎರಡು ಸಲ ಹಾಕಿಕೊಂಡು ಎರಡು ಸಲವೂ ಅರ್ಧದಲ್ಲೇ ನಿದ್ದೆ ಹೋದೆ ಎಂದು ಪ್ರಾಮಾಣಿಕವಾಗಿ ಬರೆದಿದ್ದೀರಿ. ಎರಡೂ ನಡೆಯುತ್ತದೆ ಎಂಬುದೇ ನನ್ನ ಉತ್ತರ. ಮರ್ಯಾದೆಗೆ ಹೊಗಳಿದವರಲ್ಲಿ ನಾನೂ ಒಬ್ಬ. ಯಾವ ಚಿತ್ರವನ್ನು ಹಾಗೆ ಹೊಗಳಿದ್ದೆ ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಹತ್ತಾರು ಸಲ ನೋಡಿದರೂ ಸಾಕೆನಿಸದ ಹಳೆಯ ಚಿತ್ರಗಳೂ ನನಗಿವೆ. ಅವೆಲ್ಲವೂ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡುವಂಥವು ಎಂಬುದು ಬಹಳ ವರ್ಷಗಳ ನಂತರ ನನಗೆ ಹೊಳೆಯಿತು.

ಇದಕ್ಕೆ ನನ್ನ ಬದುಕಿನ ಕಾರಣವೂ ಇದೆ. ನಾನು ಸಾಗರದ ಕಡೆಯವನು. ಕೆ. ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನಡೆಸುತ್ತಿದ್ದ ಚಿತ್ರೋತ್ಸವಗಳಲ್ಲಿ, ಅರ್ಥವಾಗದ ಭಾಷೆಯ ಚಿತ್ರಗಳನ್ನು ಊರವರೆಲ್ಲ ಕುಳಿತು ನೋಡುತ್ತಿದ್ದುದನ್ನು ಚಿಕ್ಕಂದಿನಲ್ಲೇ ಕಂಡವನು. ಆ ಚಿತ್ರಗಳಲ್ಲಿ ಅನೇಕವನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ಪಿ. ಕೆ. ನಾಯರ್ ಅವರು ಕಳಿಸಿಕೊಡುತ್ತಿದ್ದರು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ನೌಕರಿ ಹಿಡಿದು ಪುಣೆಯ ಪಕ್ಕದ ಚಿಂಚವಾಡಕ್ಕೆ ಬಂದ ಮೇಲೆ, ಭಾನುವಾರ ಲಾ ಕಾಲೇಜು ರಸ್ತೆಯ ಆ ಸಂಗ್ರಹಾಲಯದ ಪುಟ್ಟ ಸಭಾಂಗಣಕ್ಕೆ ಮೊದಲ ಸಲ ಹೋದಾಗ, ನಮ್ಮೂರಿಗೆ ಬರುತ್ತಿದ್ದ ಫಿಲ್ಮು ಡಬ್ಬಿಗಳ ತವರುಮನೆಗೆ ಬಂದಂತಾಯಿತು. ಆ ದಿನಗಳಲ್ಲಿ ನನಗೆ ಮರಾಠಿ ಬಸ್ಸಿನ ಟಿಕೆಟ್ ಕೇಳುವಷ್ಟು ಮಾತ್ರ ಬರುತ್ತಿತ್ತು. ಮಾತು ತಿಳಿಯದೆ ಮರಾಠಿ ಚಿತ್ರ ನೋಡುವವನಿಗೆ ಧ್ವನಿಯ ಏರಿಳಿತ, ಬಾಗಿಲ ಸದ್ದು, ಇಬ್ಬರು ಸುಮ್ಮನಾಗುವ ಹೊತ್ತು, ಇವೇ ಕಥೆ ಹೇಳಬೇಕು. ಹೊಟ್ಟೆಪಾಡೂ ಅಂಥದ್ದೇ ಆಗಿತ್ತು: ಕಾರ್ಖಾನೆಯಲ್ಲಿ ತಿರುಗುವ ಯಂತ್ರದ ಬೇರಿಂಗು ಕೆಡುತ್ತಿರುವುದನ್ನು ಅದರ ಸದ್ದಿನಿಂದಲೇ ಹಿಡಿಯುವುದು.

ಹಾಗೆ ನೋಡಿದ ಮೊದಲ ಚಿತ್ರಗಳಲ್ಲೊಂದು ಪ್ರಭಾತ್ ಕಂಪನಿಯ ‘ಕುಂಕೂ’. ಇದು 1937ರಲ್ಲಿ ವಿ. ಶಾಂತಾರಾಮ್ ನಿರ್ದೇಶಿಸಿದ ಚಿತ್ರ. ಮುದುಕ ವಕೀಲನಿಗೆ ಮೋಸದಿಂದ ಮದುವೆ ಮಾಡಿಕೊಟ್ಟ ನೀರಾ ಎಂಬ ಹುಡುಗಿ ಆತನನ್ನು ಗಂಡನೆಂದು ಒಪ್ಪದಿರುವುದೇ ಕಥೆ. ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಮನೆಯೊಳಗೆ ಸಹಜವಾಗಿ ಕೇಳಬಹುದಾದ ಸದ್ದುಗಳಷ್ಟೇ ಇವೆ, ಹಾಡಬೇಕಾದರೆ ನೀರಾಳಿಗೆ ಗ್ರಾಮಫೋನೇ ಪಕ್ಕವಾದ್ಯ. ಭಾರತದಲ್ಲಿ ಟಾಕಿ, ಅಂದರೆ ಮಾತಿನ ಚಿತ್ರ, ಬಂದು ಇನ್ನೂ ಆರೇ ವರ್ಷವಾಗಿದ್ದಾಗ, ಮಾತು ಮತ್ತು ಹಾಡು ತುಂಬಿ ತುಳುಕುವುದೇ ಟಾಕಿಯ ಹೆಚ್ಚುಗಾರಿಕೆ ಎಂದು ಎಲ್ಲರೂ ನಂಬಿದ್ದಾಗ, ಒಬ್ಬ ನಿರ್ದೇಶಕ ಇಷ್ಟು ಖಾಲಿಯಾದ ಮನೆಯನ್ನು ಕೇಳಿಸಿದ್ದು ಈಗಲೂ ನನಗೆ ಸೋಜಿಗ. ಶಾಂತಾ ಆಪ್ಟೆಯವರ ಸಿಟ್ಟು ಆ ಖಾಲಿಯಲ್ಲಿ ಮೊಳಗುತ್ತದೆ. ಪಿಟೀಲುಗಳ ಗುಂಪೊಂದು ಅವರ ಜೊತೆ ಅತ್ತಿದ್ದರೆ ಆ ಸಿಟ್ಟು ಕನಿಕರವಾಗಿಬಿಡುತ್ತಿತ್ತು. ಕೇಶವರಾವ್ ದಾತೆಯವರು ಮಾಡಿದ ಮುದುಕನ ಪಾತ್ರವೂ ದುಷ್ಟನದಲ್ಲ, ತನ್ನ ವಯಸ್ಸು ತನಗೇ ನಿಧಾನವಾಗಿ ಕೇಳಿಸತೊಡಗಿದ ಮನುಷ್ಯನದು.

ಶಾಂತಾರಾಮರದೇ ‘ಮಾಣೂಸ್’ (1939) ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದರ ನಾಯಕಿಯ ಹೆಸರಿನಲ್ಲೇ ಹುಬ್ಬಳ್ಳಿ ಇದೆ. ವೇಶ್ಯೆ ಮೈನಾಳ ಪಾತ್ರದಲ್ಲಿ ಶಾಂತಾ ಹುಬಳೀಕರ್ ಹಾಡಿದ ‘ಕಶಾಲಾ ಉದ್ಯಾಚೀ ಬಾತ್’ ಹಾಡು ಎಷ್ಟು ಹೆಸರಾಯಿತೆಂದರೆ ಮುಂದೆ ಅವರು ತಮ್ಮ ಆತ್ಮಕಥೆಗೂ ಅದೇ ಸಾಲನ್ನು ಹೆಸರಾಗಿಟ್ಟರು. ಪೊಲೀಸ್ ಪೇದೆ ಗಣಪತನಿಗೂ ಮೈನಾಳಿಗೂ ನಡುವಿನ ಸಂಬಂಧ ಮೇಲೇಳುತ್ತಲೇ ಬೀಳುತ್ತದೆ. ಅಂದಿನ ಸಿನಿಮಾ ಪ್ರೇಮಗೀತೆಗಳನ್ನು ಅಣಕಿಸುವ ಒಂದು ದೃಶ್ಯವಂತೂ ಇಂದಿನ ಚಿತ್ರಗಳಿಗೂ ಸಲ್ಲುತ್ತದೆ. ಕೊನೆಯ ಭಾಗದಲ್ಲಿ ಉಪದೇಶ ಸ್ವಲ್ಪ ಹೆಚ್ಚಾಯಿತು ಎಂಬುದು ನನ್ನ ತಕರಾರು.

ಅದೇ ಕಂಪನಿಯ ‘ಸಂತ ತುಕಾರಾಮ್’ (1936) ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದ ಚಿತ್ರವಾದ್ದರಿಂದ ಅದನ್ನು ಎಲ್ಲರೂ ಹೇಳುತ್ತಾರೆ. ಪವಾಡಗಳನ್ನು ನೋಡಿ ನಾನು ಕರಗಲಿಲ್ಲ. ಆದರೆ ಮನೆಯಲ್ಲಿ ಕಾಳಿಲ್ಲದಿದ್ದಾಗ ಅಭಂಗ ಹಾಡುತ್ತ ಕೂತ ಗಂಡನನ್ನು ಬೈಯುವ, ವಿಠೋಬನಿಗೇ ಕೆರ ಎತ್ತುವ ಜಿಜಾಯಿಯ ಪಾತ್ರದಲ್ಲಿ ಗೌರಿ ಎಂಬ ನಟಿಯ ಗಂಟಲಿದೆಯಲ್ಲ, ವಿಷ್ಣುಪಂತ ಪಾಗನೀಸರ ಇಂಪಾದ ಹಾಡಿಗೆ ತಕ್ಕ ಎದುರಾಳಿ ಅದೊಂದೇ.

ಈಗ ನಿಮ್ಮನ್ನು ಮಲಗಿಸಿದ ಚಿತ್ರಕ್ಕೆ ಬರುತ್ತೇನೆ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದರು. ಅದು ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆಯಿತು, ಎಂ. ವಿ. ವಾಸುದೇವರಾಯರು ಶ್ರೇಷ್ಠ ನಟರೆನಿಸಿದರು. ಈ ವಿವರಗಳನ್ನು ಮೊದಲೇ ಓದಿಕೊಂಡು ಕುಳಿತದ್ದೇ ನಿಮ್ಮ ನಿದ್ದೆಗೆ ಕಾರಣವಿರಬಹುದೆಂದು ನನ್ನ ಗುಮಾನಿ. ದೇವಸ್ಥಾನಕ್ಕೆ ಹೋದಂತೆ ಕೈಕಟ್ಟಿ ನೋಡಿದರೆ ಯಾವ ಚಿತ್ರವೂ ಮಾತಾಡುವುದಿಲ್ಲ. ಚೋಮನ ದುಡಿಯನ್ನು ಸಂಕೇತ, ಶೋಷಣೆಯ ದನಿ ಎಂದೆಲ್ಲ ವಿಮರ್ಶಕರು ಬರೆದಿದ್ದಾರೆ, ತಪ್ಪೇನಲ್ಲ. ಆದರೆ ಅದಕ್ಕಿಂತ ಮೊದಲು ಅದು ಒಂದು ವಾದ್ಯ, ಅವನ ಹಟ್ಟಿಯಲ್ಲಿರುವ ಏಕೈಕ ಶ್ರೀಮಂತ ವಸ್ತು. ಬೇಸಾಯ ಮಾಡಬೇಕೆಂಬ ಆಸೆಯಿಂದ ಎತ್ತು ಸಾಕಿಕೊಂಡು, ಉಳಲು ಒಂದು ತುಂಡು ನೆಲ ಸಿಗದ ಮನುಷ್ಯ ಅವನು. ಅವನ ಬಾಯಿಂದ ಬರುವ ಮಾತು ಕಡಿಮೆ, ಬರುವ ಮಾತೂ ಒಡೆಯರ ಮುಂದೆ ಕುಗ್ಗಿಹೋಗುತ್ತದೆ. ಹೇಳಲಾಗದ್ದನ್ನೆಲ್ಲ ಅವನು ರಾತ್ರಿ ಬಾರಿಸುತ್ತಾನೆ. ಕುಶಿಗೂ ಅದೇ ದುಡಿ, ಸಿಟ್ಟಿಗೂ ಅದೇ ದುಡಿ. ಯಾವಾಗ ಯಾವುದು ಎಂಬುದನ್ನು ಕೈಯ ವೇಗದಿಂದ ನಾವೇ ಗ್ರಹಿಸಬೇಕು. ಮಗ ನೀಲ ನೀರಲ್ಲಿ ಮುಳುಗುತ್ತಿರುವಾಗ ಮೈಲಿಗೆಯ ಭಯಕ್ಕೆ ಮೇಲ್ಜಾತಿಯವರು ಇಳಿಯದೆ ನಿಂತದ್ದನ್ನು ಕಂಡ ಮೇಲೆ ಆ ದುಡಿಯನ್ನು ಮೊದಲಿನಂತೆ ಕೇಳಲು ನಮ್ಮಿಂದ ಆಗುವುದಿಲ್ಲ. ರಂಗಭೂಮಿಯ ಸಂಗೀತದಲ್ಲಿ ಪಳಗಿದ ಕಾರಂತರು ಅದಕ್ಕೆ ಇನ್ನೊಂದು ವಾದ್ಯ ಸೇರಿಸಿ ಅರ್ಥ ವಿವರಿಸಲು ಹೋಗಲಿಲ್ಲ ಎಂಬುದೇ ನನ್ನ ಮಟ್ಟಿಗೆ ಈ ಚಿತ್ರದ ದೊಡ್ಡ ಗುಣ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಜಬ್ಬಾರ್ ಪಟೇಲರ ‘ಜೈತ್ ರೇ ಜೈತ್’ (1977). ಅದರಲ್ಲೂ ಒಬ್ಬ ಚರ್ಮವಾದ್ಯದವನಿದ್ದಾನೆ: ಠಾಕರ ಬುಡಕಟ್ಟಿನ ನಾಗ್ಯಾ. ಗುಡ್ಡದ ಮೇಲಿನ ರಾಣಿಜೇನಿನ ಮೇಲೆ ಹಟ ತೊಟ್ಟ ಅವನಾಗಿ ಮೋಹನ್ ಆಗಾಶೆ, ಅವನ ಜೊತೆ ನಿಲ್ಲುವ ಚಿಂಧಿಯಾಗಿ ಸ್ಮಿತಾ ಪಾಟೀಲ್ ಇದ್ದಾರೆ. ನಾ. ಧೋಂ. ಮಹಾನೋರರ ಪದಗಳಿಗೆ ಹೃದಯನಾಥ ಮಂಗೇಶ್ಕರರ ಸಂಗೀತ. ಇಲ್ಲಿಯ ಗೆಳೆಯರ ಮುಂದೆ ಈ ಚಿತ್ರದ ಬಗ್ಗೆ ಎರಡು ಮಾತು ಕಡಿಮೆ ಆಡಿದರೂ ಊಟಕ್ಕೆ ಕರೆಯುವುದನ್ನು ನಿಲ್ಲಿಸುತ್ತಾರೆ. ಹಾಡುಗಳು ನಿಜಕ್ಕೂ ಅಪರೂಪದವು, ನನ್ನ ಫೋನಿನಲ್ಲಿ ಇವತ್ತಿಗೂ ಇವೆ. ಆದರೂ ಚಿತ್ರವಾಗಿ ನಾನು ಚೋಮನ ಕಡೆಗೇ ವಾಲುತ್ತೇನೆ. ಇಲ್ಲಿ ನಾಗ್ಯಾನಿಗೆ ಏನಾಗುತ್ತಿದೆ ಎಂಬುದನ್ನು ಹಾಡುಗಳೇ ಮುಂಚಿತವಾಗಿ ಹೇಳಿಬಿಡುತ್ತವೆ. ಚೋಮನ ಬಗ್ಗೆ ಯಾರೂ ಹಾಡುವುದಿಲ್ಲ.

ಗಿರೀಶ ಕಾರ್ನಾಡರ ‘ಕಾಡು’ (1973) ಅದೇ ಕಾಲದ್ದು, ಈಗ ನೋಡಿದವರು ಬಹಳ ಕಡಿಮೆ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ದೊಡ್ಡವರ ಹಾದರ, ಎರಡು ಊರುಗಳ ಹಗೆ, ಕೊಲೆ ಇವನ್ನೆಲ್ಲ ಕಿಟ್ಟಿ ಎಂಬ ಹುಡುಗ ಅರೆಬರೆ ಅರ್ಥ ಮಾಡಿಕೊಳ್ಳುತ್ತ ನೋಡುತ್ತಾನೆ. ಕಾಡಿನಲ್ಲಿ ಒಂದು ಹಕ್ಕಿ ಮನುಷ್ಯರ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಸಾವು ಎಂಬ ನಂಬಿಕೆ ಅವನ ಕಿವಿಯಲ್ಲಿ ಕೂತಿದೆ. ಮಲೆನಾಡಿನಲ್ಲಿ ಬೆಳೆದ ನನಗೆ ಇದು ಕಥೆಯೆನಿಸಲಿಲ್ಲ. ರಾತ್ರಿ ಹೊರಗಿನಿಂದ ಯಾರೇ ಕೂಗಿದರೂ ಮೊದಲ ಕೂಗಿಗೆ ಓಗೊಡಬೇಡ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ಮುಂದೆ ಹಿಂದಿ ಚಿತ್ರಗಳ ಖಳನಾಯಕನೆಂದು ಹೆಸರಾದ ಅಮರೀಶ್ ಪುರಿ ಇಲ್ಲಿ ನಮ್ಮ ಚಂದ್ರೇಗೌಡ ಎಂದರೆ ಕಾರ್ಖಾನೆಯ ಗೆಳೆಯರು ನಂಬುವುದೇ ಇಲ್ಲ. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ವನ್ನು (1977) ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ದಾರೆ, ಸಿಕ್ಕರೆ ಆ ಪ್ರತಿಯಲ್ಲೇ ನೋಡಿ. ಈ ಎರಡೂ ಚಿತ್ರಗಳು ಹುಡುಗರ ಕಣ್ಣಿನಿಂದ ನೋಡುತ್ತವೆ ಎಂದು ಎಲ್ಲರೂ ಬರೆಯುತ್ತಾರೆ. ಹುಡುಗರ ಕಿವಿಯಿಂದ ಕೇಳುತ್ತವೆ ಎಂದರೆ ಹೆಚ್ಚು ಸರಿ, ಏಕೆಂದರೆ ದೊಡ್ಡವರ ಗುಟ್ಟುಗಳು ಮಕ್ಕಳಿಗೆ ಮೊದಲು ಬಾಗಿಲಾಚೆಯ ಪಿಸುಮಾತಾಗಿಯೇ ಬರುವುದು.

ಪುಣೆಯವನಾಗಿ ನಾನು ಹೇಳಲೇಬೇಕಾದ ಹೆಸರು ಭಾಸ್ಕರ ಚಂದಾವರಕರ್. ಸಿತಾರ್ ವಾದಕರಾದ ಅವರು ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದವರು. ಕಾರ್ನಾಡ್ ಮತ್ತು ಬಿ. ವಿ. ಕಾರಂತರ ‘ವಂಶವೃಕ್ಷ’ಕ್ಕೂ, ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರಕ್ಕೂ, ಜಬ್ಬಾರ್ ಪಟೇಲರ ‘ಸಾಮ್ನಾ’ಕ್ಕೂ ಅವರದೇ ಸಂಗೀತ. ‘ಒಂದಾನೊಂದು ಕಾಲದಲ್ಲಿ’ ಶಂಕರ್ ನಾಗ್ ಅವರ ಮೊದಲ ಚಿತ್ರವಾದ್ದರಿಂದ ಅಭಿಮಾನಿಗಳಿಗೆ ಅದರ ಬಗ್ಗೆ ವಿಶೇಷ ಪ್ರೀತಿ. ಕತ್ತಿಯ ಭಾರ ನೋಡುವವನ ತೋಳಿಗೂ ತಟ್ಟುವಂತೆ ಕಾಳಗಗಳಿವೆ ಎಂದು ನಾನೂ ಒಪ್ಪುತ್ತೇನೆ, ನಡುವಿನ ಮಾತುಗಳು ಮಾತ್ರ ನಾಟಕದ ಅಂಗಳದಿಂದ ಪೂರ್ತಿ ಹೊರಬಂದಿಲ್ಲ. ‘ಸಾಮ್ನಾ’ದ ವಿಚಾರ ಬೇರೆ. ವಿಜಯ ತೆಂಡೂಲ್ಕರ್ ಬರೆದ ಈ ಚಿತ್ರ 1975ರ ಬರ್ಲಿನ್ ಉತ್ಸವದ ಸ್ಪರ್ಧೆಗೆ ಹೋಗಿತ್ತು. ಸಕ್ಕರೆ ಕಾರ್ಖಾನೆಯ ಧಣಿ ಹಿಂದೂರಾವ್ ಆಗಿ ನಿಳೂ ಫುಲೆ, ಊರಿಗೆ ಬಂದ ಕುಡುಕ ಮಾಸ್ತರನಾಗಿ ಶ್ರೀರಾಮ್ ಲಾಗೂ. ಊರಿನಿಂದ ಕಾಣೆಯಾದ ಒಬ್ಬನ ಬಗ್ಗೆ, ‘ಮಾರುತಿ ಕಾಂಬಳೆಯ ಕಥೆ ಏನಾಯಿತು?’ ಎಂಬ ಒಂದೇ ಪ್ರಶ್ನೆಯನ್ನು ಮಾಸ್ತರ ಕೇಳುತ್ತಲೇ ಹೋಗುತ್ತಾನೆ. ಕೇಳಿದಷ್ಟೂ ಆ ಪ್ರಶ್ನೆಯ ತೂಕ ಹೆಚ್ಚುತ್ತದೆ, ಎದುರಿನವನ ನಗು ತೆಳುವಾಗುತ್ತದೆ. ನನ್ನ ಅರೆಬರೆ ಮರಾಠಿಗೆ ಮೊದಲು ಪೂರ್ತಿ ಅರ್ಥವಾದ ವಾಕ್ಯ ಅದೇ.

‘22 ಜೂನ್ 1897’ ಎಂಬ ಮರಾಠಿ ಚಿತ್ರವನ್ನು (1979) ನಾನು ಸೇರಿಸುವುದು ಸ್ವಲ್ಪ ಸ್ವಾರ್ಥದಿಂದ. ಪುಣೆಯಲ್ಲಿ ಪ್ಲೇಗ್ ಬಂದಾಗ ಮನೆ ಮನೆಗೆ ಸೈನಿಕರನ್ನು ನುಗ್ಗಿಸಿದ ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನನ್ನು, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಗುಂಡಿಕ್ಕಿದ ಚಾಪೇಕರ್ ಸಹೋದರರ ಕಥೆ ಅದು. ನಾನು ದಿನಾ ಚಿಂಚವಾಡದ ಚಾಪೇಕರ್ ಚೌಕ ದಾಟಿ ಕೆಲಸಕ್ಕೆ ಹೋಗುತ್ತಿದ್ದವನು. ಅದರ ಚಿತ್ರಕಥೆಯಲ್ಲಿ ನಮ್ಮ ಶಂಕರ್ ನಾಗ್ ಕೈಯೂ ಇದೆ ಎಂದು ತಿಳಿದ ದಿನ ಚೌಕದ ಸಿಗ್ನಲ್ಲಿನಲ್ಲಿ ಒಬ್ಬನೇ ಹೆಮ್ಮೆಪಟ್ಟುಕೊಂಡೆ. ನಚಿಕೇತ್ ಮತ್ತು ಜಯೂ ಪಟವರ್ಧನ್ ಇದನ್ನು ದೇಶಭಕ್ತಿಯ ಘೋಷಣೆಯಾಗಿಸದೆ ಒಣಗಿದ ದನಿಯಲ್ಲಿ ಹೇಳಿದ್ದಾರೆ. ಕೆಲವರಿಗೆ ಅದು ಸಪ್ಪೆ, ನನಗೆ ಅದೇ ರುಚಿ.

ಮರ್ಯಾದೆಗೆ ಹೊಗಳಿದ ಚಿತ್ರ ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ (1975). ತ. ರಾ. ಸು. ಕಾದಂಬರಿ, ಬಾಲಮುರಳಿಕೃಷ್ಣರ ಹಾಡುಗಾರಿಕೆ, ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತ್ ನಾಗ್: ಬೇಡವೆನ್ನಲು ಯಾರಿಗೆ ಧೈರ್ಯ ಬರುತ್ತದೆ? ಹಾಡುಗಳನ್ನಷ್ಟೇ ಕೇಳುವಾಗ ಮೈ ಜುಮ್ಮೆನ್ನುತ್ತದೆ. ಚಿತ್ರ ನೋಡುವಾಗ ಮಾತ್ರ ಸಂಗೀತದ ಮುಂದೆ ಎಲ್ಲರೂ, ಕ್ಯಾಮರಾ ಕೂಡ, ಭಕ್ತಿಯಿಂದ ತಲೆಬಾಗಿ ನಿಂತಂತೆ ತೋರುತ್ತದೆ. ಸಂಗೀತದ ಬಗೆಗಿನ ಚಿತ್ರವನ್ನೇ ಕಿವಿಯವನಾದ ನಾನು ಒಪ್ಪದಿರುವುದು ವಿಚಿತ್ರವೆನಿಸಬಹುದು, ಆದರೆ ಅಲ್ಲಿ ಕೇಳಿಸಿಕೊಳ್ಳಲು ನನಗೆ ಬೇಕಾದ ಮೌನ ಸಿಗುವುದಿಲ್ಲ. ಪುಣೆಯ ಕನ್ನಡಿಗರ ಕೂಟವೊಂದರಲ್ಲಿ ಇದನ್ನು ತೋರಿಸಿದಾಗ ನಾನೂ ಎದ್ದು ನಿಂತು ಅದ್ಭುತವೆಂದು ಹೇಳಿ ಕುಳಿತಿದ್ದೆ.

ಒಂದು ಚಿತ್ರದ ಬಗ್ಗೆ ಅಭಿಪ್ರಾಯವೇ ಇಲ್ಲ, ಏಕೆಂದರೆ ನೋಡಲು ಅದು ಉಳಿದಿಲ್ಲ. 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ಟಾಕಿ, ತಯಾರಾದದ್ದು ಇಲ್ಲೇ ಕೊಲ್ಲಾಪುರದ ಸ್ಟುಡಿಯೋದಲ್ಲಿ. ಅದರ ಪ್ರತಿ ಎಲ್ಲಿಯೂ ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವಂಥದ್ದು. ಪುಣೆಯ ಸಂಗ್ರಹದಲ್ಲಿದ್ದ ಅಂಥ ಎಷ್ಟೋ ರೀಲುಗಳು 2003ರ ಬೆಂಕಿಯಲ್ಲಿ ಹೋದವು.

ನಿಮ್ಮ ಮೂರನೆಯ ಪ್ರಯತ್ನಕ್ಕೆ ನನ್ನ ಸಲಹೆ ಇಷ್ಟು: ‘ಚೋಮನ ದುಡಿ’ಯನ್ನು ಊಟವಾದ ಮೇಲೆ ಹಾಕಿಕೊಳ್ಳಬೇಡಿ. ಟಿವಿಯ ತೆಳುವಾದ ಸ್ಪೀಕರಿನಲ್ಲಿ ದುಡಿ ತಗಡಿನ ಡಬ್ಬಿಯಂತೆ ಕೇಳುತ್ತದೆ, ಆದ್ದರಿಂದ ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು, ಬೇಕಿದ್ದರೆ ಮೊದಲ ಹತ್ತು ನಿಮಿಷ ಕಣ್ಣು ಮುಚ್ಚಿಯೇ ಕೇಳಿ. ಆಗಲೂ ನಿದ್ದೆ ಬಂದರೆ ಸಂಕೋಚಪಡದೆ ನಿಲ್ಲಿಸಿ, ಮಾರನೆಯ ದಿನ ‘ಸಾಮ್ನಾ’ ಹಾಕಿ ನೋಡಿ. ಮಾಸ್ತರ ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸುವವರೆಗೆ ನೀವು ಮಲಗಲಾರಿರಿ.