ಪೈಥಾನ್ ಪ್ರೋಗ್ರಾಂಗೆ ತಾನಿರುವ ಲಿನಕ್ಸ್ ಯಾವುದೆಂದು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಉಬುಂಟು, ಮಿಂಟ್, ರಾಕಿ ಮೂರೂ ಇವೆ. ಯಾವ ಡಿಸ್ಟ್ರೋ (ಲಿನಕ್ಸ್‌ನ ಯಾವ ಬಗೆ) ಎಂದು ನೋಡಿಕೊಂಡು ಪ್ಯಾಕೇಜ್ ಹಾಕುವ ಹಳೆಯ ಪೈಥಾನ್ ಸ್ಕ್ರಿಪ್ಟ್ ಒಂದಿದೆ. ಪೈಥಾನ್ ಅಪ್‌ಡೇಟ್ ಮಾಡಿದಾಗಿನಿಂದ 'ಲಿನಕ್ಸ್_ಡಿಸ್ಟ್ರಿಬ್ಯೂಷನ್' ಫಂಕ್ಷನ್ನೇ ಇಲ್ಲ ಎಂದು ಎರರ್ ಬರುತ್ತಿದೆ. ಏನು ಮಾಡಲಿ?

ಉತ್ತರ: 2019ರ ಪೈಥಾನ್ 3.8ರಲ್ಲಿ ಆ ಫಂಕ್ಷನ್ನನ್ನು 'ಪ್ಲಾಟ್‌ಫಾರ್ಮ್' ಮಾಡ್ಯೂಲ್‌ನಿಂದ ತೆಗೆದುಬಿಟ್ಟರು. ಒಂದೊಂದು ಡಿಸ್ಟ್ರೋ ಒಂದೊಂದು ಫೈಲಿನಲ್ಲಿ ತನ್ನ ಹೆಸರು ಬರೆದಿಡುತ್ತಿದ್ದ ಕಾಲದ್ದು ಅದು. ಈಗ ಬಹುತೇಕ ಎಲ್ಲದರಲ್ಲೂ ಇಟಿಸಿ ಡೈರೆಕ್ಟರಿಯೊಳಗೆ 'ಓಎಸ್-ರಿಲೀಸ್' ಎಂಬ ಪುಟ್ಟ ಟೆಕ್ಸ್ಟ್ ಫೈಲ್ ಇರುತ್ತದೆ. ಪೈಥಾನ್ 3.10ರಿಂದ ಅದೇ ಮಾಡ್ಯೂಲ್‌ನ 'ಫ್ರೀಡೆಸ್ಕ್‌ಟಾಪ್_ಓಎಸ್_ರಿಲೀಸ್' ಫಂಕ್ಷನ್ ಆ ಫೈಲ್ ಓದಿ ಡಿಕ್ಷನರಿ ಕೊಡುತ್ತದೆ. ಫೈಲ್ ಸಿಗದಿದ್ದರೆ 'ಓಎಸ್‌ಎರರ್' ಬರುತ್ತದೆ, ಅದನ್ನು ಹಿಡಿಯಿರಿ.

ರಾಕಿ 9ರಲ್ಲಿ ಮಾತ್ರ ತೊಡಕಿದೆ. ಅದರ ಜೊತೆಗೇ ಬರುವ ಪೈಥಾನ್ 3.9ರಲ್ಲಿ ಹಳೆಯ ಫಂಕ್ಷನ್ನೂ ಇಲ್ಲ, ಹೊಸದೂ ಇಲ್ಲ. ಅಲ್ಲಿ ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ 'ಡಿಸ್ಟ್ರೋ' ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಮೂರೂ ಬಗೆಯ ಮಷೀನ್‌ಗಳಿಗೆ ಒಂದೇ ಸ್ಕ್ರಿಪ್ಟ್ ಬೇಕಾದರೆ ನಾನಂತೂ ಎಲ್ಲೆಡೆ ಇದನ್ನೇ ಬಳಸುತ್ತೇನೆ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಮಿಂಟ್‌ನ ಫೈಲ್ ತೆರೆದು ನೋಡಿ:

ಐಡಿ=ಲಿನಕ್ಸ್‌ಮಿಂಟ್
ಐಡಿ_ಲೈಕ್="ಉಬುಂಟು ಡೆಬಿಯನ್"

ಐಡಿ ಎಂದರೆ ಡಿಸ್ಟ್ರೋದ ಸ್ವಂತ ಹೆಸರು, ಐಡಿ_ಲೈಕ್ ಎಂದರೆ ಅದು ಹೋಲುವ ಡಿಸ್ಟ್ರೋಗಳ ಹೆಸರು. 'ಐಡಿ ಉಬುಂಟು ಆಗಿದ್ದರೆ' ಎಂದಷ್ಟೇ ಬರೆದರೆ ಮಿಂಟ್ ಕೈತಪ್ಪಿ ಹೋಗುತ್ತದೆ. ಮೊದಲು ಐಡಿ ನೋಡಿ. ಹೊಂದದಿದ್ದರೆ ಐಡಿ_ಲೈಕ್ ಅನ್ನು ಸ್ಪೇಸ್ ಇದ್ದಲ್ಲಿ ಒಡೆದು ಒಂದೊಂದೇ ಹೆಸರು ಹೋಲಿಸಿ. ಡೆಬಿಯನ್‌ನಲ್ಲಿ ಐಡಿ_ಲೈಕ್ ಸಾಲೇ ಇರುವುದಿಲ್ಲ, ಆದ್ದರಿಂದ ನೇರವಾಗಿ ಕೇಳದೆ ಡಿಕ್ಷನರಿಯ 'ಗೆಟ್' ಬಳಸಿ. 'ಪ್ರೆಟಿ_ನೇಮ್' ಇರುವುದು ಸ್ಕ್ರೀನಿನ ಮೇಲೆ ತೋರಿಸಲು, ಅದನ್ನು ಹೋಲಿಕೆಗೆ ಬಳಸಬೇಡಿ. ಆವೃತ್ತಿ ಸಂಖ್ಯೆಯೂ ಸ್ಟ್ರಿಂಗ್ ಆಗಿಯೇ ಬರುತ್ತದೆ. ಹಾಗೆಯೇ ಹೋಲಿಸಿದರೆ ಆಲ್ಪೈನ್ ಡಿಸ್ಟ್ರೋದ 3.10 ಎಂಬುದು 3.9ಕ್ಕಿಂತ ಹಳೆಯದು ಎಂದಾಗುತ್ತದೆ! ಚುಕ್ಕಿಯಲ್ಲಿ ಒಡೆದು ಅಂಕಿಗಳಾಗಿ ಮಾಡಿಕೊಳ್ಳಿ.

ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್ ಬಳಸುವವರಿಗೊಂದು ಮಾತು: ಕಂಟೇನರ್ ಒಳಗೆ ಈ ಫೈಲ್ ಹೇಳುವುದು ಕಂಟೇನರ್‌ನ ಡಿಸ್ಟ್ರೋ ಹೆಸರು; 'ಪ್ಲಾಟ್‌ಫಾರ್ಮ್.ರಿಲೀಸ್' ಕೊಡುವ ಕರ್ನಲ್ (ಲಿನಕ್ಸ್‌ನ ತಿರುಳು) ಆವೃತ್ತಿ ಹೊರಗಿನ ಮಷೀನಿನದು. ಎರಡನ್ನೂ ಬೆರೆಸಬೇಡಿ.

ಇಷ್ಟಾಗಿ, ನಿಮಗೆ ಬೇಕಿರುವುದು ಪ್ಯಾಕೇಜ್ ಹಾಕುವುದೊಂದೇ ಆದರೆ ಡಿಸ್ಟ್ರೋ ಹೆಸರು ಯಾಕೆ ಬೇಕು? 'ಶಟಿಲ್' ಮಾಡ್ಯೂಲ್‌ನ 'ವಿಚ್' ಫಂಕ್ಷನ್ನಿಗೆ ಪ್ಯಾಕೇಜ್ ಹಾಕುವ ಕಮಾಂಡ್‌ಗಳಾದ ಆಪ್ಟ್-ಗೆಟ್ ಇದೆಯೇ, ಡಿಎನ್‌ಎಫ್ ಇದೆಯೇ ಎಂದು ಕೇಳಿ. ಉಬುಂಟು, ಮಿಂಟ್‌ಗಳಲ್ಲಿ ಮೊದಲನೆಯದು ಸಿಗುತ್ತದೆ, ರಾಕಿಯಲ್ಲಿ ಎರಡನೆಯದು.