ಓದುಗರ ಪ್ರಶ್ನೆ: ಈ ಕಾದಂಬರಿಯಲ್ಲಿ ಬೆಂಗಳೂರು ಎಲ್ಲಿದೆ?

ಪ್ರಶ್ನೆ: ಟೀಚರ್, ತಂಗಿಯ ಮನೆಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ಊರಿನ ಗುರುತೇ ಹತ್ತುವುದಿಲ್ಲ. ಈಗಿನ ಕಾದಂಬರಿಗಳಲ್ಲಿ ಆ ಬದಲಾವಣೆ ಸಿಗುತ್ತದೆಂದು ಸ್ನೇಹಿತರೊಬ್ಬರು ‘ಘಾಚರ್ ಘೋಚರ್’ ಕೊಟ್ಟರು. ಓದಿದೆ. ಮೆಟ್ರೋ ಇಲ್ಲ, ಐಟಿ ಪಾರ್ಕ್ ಇಲ್ಲ. ಬರೀ ಒಂದು ಮನೆಯ ಕಥೆ. ಬೆಂಗಳೂರು ಎಲ್ಲಿದೆ ಇದರಲ್ಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಆ ಮನೆಯೊಳಗೇ ಇದೆ. ಬೆಂಗಳೂರಿಗೆ 2011ರಲ್ಲಿ ಮೆಟ್ರೋ ಬಂತೆಂದು ತಿಳಿಯಲು ಪತ್ರಿಕೆ ಸಾಕು, ಕಾದಂಬರಿ ಬೇಕಿಲ್ಲ. ವಿವೇಕ ಶಾನಭಾಗರ ಈ ಕಿರುಕಾದಂಬರಿ ಬಂದದ್ದು 2013ರಲ್ಲಿ. ಇನ್ನೊಮ್ಮೆ ಕೈಗೆತ್ತಿಕೊಳ್ಳಿ, ಈ ಸಲ ದುಡ್ಡಿನ ಮೇಲೆ ಕಣ್ಣಿಟ್ಟು ಓದಿ. ಮೊದಲು ಅಪ್ಪನ ಸೇಲ್ಸ್‌ಮನ್ ಸಂಬಳ, ಇರುವೆ ತುಂಬಿದ ಪುಟ್ಟ ಮನೆ. ಒಂದು ಸಾಮಾನು ತರಬೇಕಾದರೂ ಎಲ್ಲರೂ ಕೂತು ಮಾತಾಡಬೇಕು. ಅಪ್ಪನ ಕೆಲಸ ಹೋಗುತ್ತದೆ, ಚಿಕ್ಕಪ್ಪನ ಮಸಾಲೆ ವ್ಯಾಪಾರ ‘ಸೋನಾ ಮಸಾಲಾ’ ಕೈಹಿಡಿಯುತ್ತದೆ, ದೊಡ್ಡ ಮನೆ ಬರುತ್ತದೆ. ಅಲ್ಲಿಂದ ಚಿಕ್ಕಪ್ಪನ ಮರ್ಜಿ ಕಾಯುವುದೇ ಮನೆಮಂದಿಯ ಕೆಲಸ. ಕಥೆ ಹೇಳುವವನಿಗೋ ಸಂಬಳ ಉಂಟು, ದುಡಿಮೆ ಇಲ್ಲ. ಚಿಕ್ಕಪ್ಪನಿಗೆಂದು ಅಡುಗೆ ಮಾಡಿ ತಂದ ಹೆಂಗಸನ್ನು ಮನೆಯ ಹೆಂಗಸರು ಬಾಗಿಲಿನಿಂದಲೇ ಬೈದು ಓಡಿಸುತ್ತಾರೆ, ಗಂಡಸರು ತೆಪ್ಪಗಿರುತ್ತಾರೆ. 1991ರ ಆರ್ಥಿಕ ಉದಾರೀಕರಣದ ನಂತರ ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಒಂದೇ ತಲೆಮಾರಿನಲ್ಲಿ ದುಡ್ಡು ಬಂತಲ್ಲ, ಅದು ನಮ್ಮ ನಾಲಿಗೆಯನ್ನೂ ಮೌನವನ್ನೂ ಏನು ಮಾಡಿತು ಎಂದು ನನಗೆ ಕಾಣಿಸಿದ್ದು ಈ ದೃಶ್ಯದಲ್ಲಿ. ಯಾವ ಫ್ಲೈಓವರ್ ವರ್ಣನೆಯೂ ನನ್ನನ್ನು ಇಷ್ಟು ಕಾಡಿಲ್ಲ.

ನಮ್ಮ ಮುಂಬಯಿಗೆ ಬಂದರೆ, ಯಶವಂತ ಚಿತ್ತಾಲರು 1979ರಲ್ಲೇ ‘ಶಿಕಾರಿ’ ಕಾದಂಬರಿ ಕೊಟ್ಟರು. ಕಂಪನಿಯಿಂದ ಸಸ್ಪೆಂಡ್ ಆದ ನಾಗಪ್ಪನ ಭಯ ಇದೆಯಲ್ಲ, ಕೆಲಸವೊಂದನ್ನೇ ನಂಬಿ ಇಲ್ಲಿಗೆ ಬಂದ ಯಾರಿಗೂ ಅದು ಹೊಸದಲ್ಲ.

ನನ್ನದೊಂದು ಆಸೆಯೂ ಉಂಟು, ನೀವು ಕೇಳದಿದ್ದರೂ ಹೇಳುತ್ತೇನೆ. 1982ರ ಜನವರಿ 18ಕ್ಕೆ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಆಗ ನಾನು ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಗಿರಣಿಗಳಿದ್ದ ಪರೇಲಿನ ಹೋಟೆಲೊಂದರಲ್ಲಿ ಕ್ಲೀನರ್ ಆಗಿದ್ದ ಹುಡುಗ ತರಗತಿಯಲ್ಲಿ ಹೇಳುತ್ತಿದ್ದ, ‘ಸಂಬಳದ ದಿನ ಬಂದರೂ ಉದ್ರಿ ಪುಸ್ತಕದಲ್ಲಿ ಒಂದು ಹೆಸರಿಗೂ ಗೀಟು ಬೀಳುವುದಿಲ್ಲ ಟೀಚರ್.’ ಲೋವರ್ ಪರೇಲಿನ ಫೀನಿಕ್ಸ್ ಮಿಲ್ ಈಗ ಮಾಲ್. ಆ ಹೋಟೆಲಿನ ಗಲ್ಲಾದಲ್ಲಿ ಕೂತು, ಆ ಉದ್ರಿ ಪುಸ್ತಕದಿಂದ ಊರನ್ನು ನೋಡುವ ಕಾದಂಬರಿಯನ್ನು ಕನ್ನಡದಲ್ಲಿ ಓದಬೇಕು ನನಗೆ. ಹೋಟೆಲಿನಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ನಿಮ್ಮ ಡೊಂಬಿವಲಿಯಲ್ಲೂ ಇದ್ದಾರೆ. ಅವರಲ್ಲಿ ಯಾರಾದರೂ ಬರೆಯಲಿ.

‘ಘಾಚರ್ ಘೋಚರ್’ ಎರಡನೇ ಸಲ ಓದಿದ ಮೇಲೆ ಸೊಸೆ ಅನಿತಾಳ ಬಗ್ಗೆ ನಿಮಗೇನನ್ನಿಸಿತೆಂದು ಖಂಡಿತ ಬರೆಯಿರಿ. ಅವಳ ಮಾತು ಆ ಮನೆಯವರಿಗೆ ಯಾಕೆ ಅಷ್ಟು ಚುಚ್ಚುತ್ತದೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.