ಪ್ರತಿಕ್ರಿಯೆ: ಸ್ಟುಟ್‌ಗಾರ್ಟ್‌ನಿಂದ ಕಾನೂನುಬದ್ಧ ಆಫ್‌ರೋಡ್ ದಾರಿಗಳು

ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿರುವ ತಾವು, ನಮ್ಮ ಮಲೆನಾಡಿನಲ್ಲಿ ಓಡಿಸುತ್ತಿದ್ದಂತೆ ಫೋರ್‌ವೀಲ್ ಜೀಪನ್ನು ದಂಡದ ಭಯವಿಲ್ಲದೆ ಎಲ್ಲಿ ಓಡಿಸಬಹುದೆಂದು ಕೇಳಿದ್ದೀರಿ. ಜರ್ಮನಿಯಲ್ಲಿ ಫಲಕವಿಲ್ಲದಿದ್ದರೂ ಕಾಡಿನ ದಾರಿಗಳು ಖಾಸಗಿ ಮೋಟಾರು ವಾಹನಗಳಿಗೆ ನಿಷಿದ್ಧವೆಂದೇ ತಿಳಿಯಿರಿ. ಅಲ್ಲಿ ಉಳಿಯುವುದು ಬವೇರಿಯಾದ ಲಾಂಗೆನಾಲ್ಟ್‌ಹೈಮ್‌ನಂಥ, ಶುಲ್ಕ ತೆತ್ತು ಪ್ರವೇಶಿಸುವ ಆಫ್‌ರೋಡ್ ಪಾರ್ಕ್‌ಗಳು. ಕೈ ಪಳಗಿಸಿಕೊಳ್ಳಲು ಅವು ಸಾಕು, ಪಯಣದ ಸುಖ ಅಲ್ಲಿಲ್ಲ.

ಆ ಸುಖಕ್ಕೆ ಇಟಲಿಯ ಪೀಡ್‌ಮಾಂಟ್‌ಗೇ ಹೋಗಬೇಕೆಂಬುದು ನನ್ನ ದೃಢ ಅಭಿಪ್ರಾಯ. ಹಿಂದೆ ಸೇನೆಗಾಗಿ ನಿರ್ಮಿಸಿದ ಜಲ್ಲಿರಸ್ತೆಗಳು ಆಲ್ಪ್ಸ್‌ನ ಏಣುಗಳ ಮೇಲೆ ಇಂದಿಗೂ ಉಳಿದಿದ್ದು, ಅವುಗಳಲ್ಲಿ ಸುಮಾರು 2,500 ಮೀಟರ್ ಎತ್ತರ ತಲುಪುವ ಅಸ್ಸಿಯೆಟ್ಟಾ ರಸ್ತೆಯೂ, ಲಿಮೋನೆಯಿಂದ ಮೊನೇಸಿಗೆ ಸಾಗುವ ಆಲ್ಟಾ ವಿಯಾ ದೆಲ್ ಸಾಲೆಯೂ ಬೇಸಿಗೆಯಲ್ಲಿ ವಾಹನಗಳಿಗೆ ಅಧಿಕೃತವಾಗಿಯೇ ತೆರೆದಿರುತ್ತವೆ. ಎರಡನೆಯದಕ್ಕೆ ಶುಲ್ಕವಿದೆ, ದಿನಕ್ಕಿಷ್ಟೇ ವಾಹನಗಳೆಂಬ ಮಿತಿಯೂ ಇದೆ. ಆದ್ದರಿಂದ ಮುಂಗಡವಾಗಿ ಕಾಯ್ದಿರಿಸಿ. ವಾರದ ಕೆಲವು ದಿನಗಳನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲಿಡುವುದರಿಂದ, ಹೊರಡುವ ಮುನ್ನ ಆ ವರ್ಷದ ಸ್ಥಳೀಯ ಆದೇಶವನ್ನು ತಪ್ಪದೆ ಓದಿಕೊಳ್ಳಿ.

ದಾರಿಯಲ್ಲಿ ಫ್ರಾನ್ಸ್‌ಗೆ ಹೊರಳುವುದಾದರೆ, 1991ರ ಕಾನೂನಿನ ಪ್ರಕಾರ ಸಾರ್ವಜನಿಕ ಸಂಚಾರಕ್ಕೆ ತೆರೆದ ದಾರಿಗಳನ್ನು ಬಿಟ್ಟು ಹುಲ್ಲುಗಾವಲಿಗೆ ಚಕ್ರ ಇಳಿಸುವುದು ಅಪರಾಧವೆಂಬುದನ್ನು ದಯವಿಟ್ಟು ನೆನಪಿಡಿ.